‘ಬೆಳಿಗ್ಗೆ ಹೋಗೋಣ’ ಎಂದವರು ಯಾರು?

ಪ್ರಶ್ನೆ

ಡಾಕ್ಟ್ರೇ, ನಮ್ಮದು ಕೊಡಗಿನ ಮಕ್ಕಂದೂರು ಕಡೆಯ ಒಂದು ಊರು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ, ಗದ್ದೆ, ಅರ್ಧ ಕಾಫಿ ತೋಟ ಹೋಯಿತು. ಆಗಸ್ಟ್ 16, ಗುರುವಾರ ಸಂಜೆ ಪಕ್ಕದ ಮನೆಯವರು ಬಂದು ‘ಕೆಳಗೆ ರಸ್ತೆ ಬಿರುಕು ಬಿಟ್ಟಿದೆ, ಈಗಲೇ ಹೊರಡಿ’ ಎಂದರು. ನಮ್ಮಲ್ಲಿ ಯಾರೋ ‘ಬೆಳಿಗ್ಗೆ ನೋಡಿಕೊಂಡು ಹೋಗೋಣ’ ಎಂದರು. ರಾತ್ರಿ ಗುಡ್ಡದ ಸದ್ದು ಕೇಳಿ ಎದ್ದೆವು. ಮೂರು ದಿನದಿಂದ ಕರೆಂಟ್ ಇರಲಿಲ್ಲ, ಒಂದೇ ಟಾರ್ಚಿನಲ್ಲಿ ಓಡುವಾಗ ಅಪ್ಪ ತೋಡಿಗೆ ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಅವರು ಸರಿಯಾಗಿ ಏಳಲೇ ಇಲ್ಲ, ಮರುವರ್ಷ ಬಾಡಿಗೆ ಮನೆಯಲ್ಲಿ ತೀರಿಹೋದರು.

ಆ ಮಾತು ಆಡಿದ್ದು ನಾನು ಎನ್ನುತ್ತಾನೆ ಅಣ್ಣ. ನನಗಾದರೆ ವಿಡಿಯೊ ನೋಡಿದಷ್ಟು ಸ್ಪಷ್ಟವಾಗಿದೆ: ಟಿವಿಯಲ್ಲಿ ವಾಜಪೇಯಿ ತೀರಿಕೊಂಡ ಸುದ್ದಿ ಬರುತ್ತಿತ್ತು, ಅಣ್ಣ ಅದರಿಂದ ಕಣ್ಣು ತೆಗೆಯದೆ ‘ಬೆಳಿಗ್ಗೆ ಹೋಗೋಣ’ ಎಂದ. ಅಮ್ಮನನ್ನು ಕೇಳಿದರೆ ಅಪ್ಪನೇ ಹೇಳಿದ್ದು ಅನ್ನುತ್ತಾರೆ. ಆ ರಾತ್ರಿ ನೆನೆದರೆ ನನಗೆ ನಾನೇ ದೂರದಿಂದ ಕಾಣುತ್ತೇನೆ, ಮಗು ಎತ್ತಿಕೊಂಡು ಓಡುವ ಯಾರೋ ಹೆಂಗಸಿನ ಹಾಗೆ. ಮುಂದೆ ಅಪ್ಪ, ಕೆಂಪು ಸ್ವೆಟರಿನಲ್ಲಿ. ಅಣ್ಣ ಅದನ್ನೂ ಒಪ್ಪುವುದಿಲ್ಲ, ಕಂಬಳಿ ಕೊಪ್ಪೆ ಹಾಕಿದ್ದರು ಅನ್ನುತ್ತಾನೆ. ಮರುದಿನ ಆಸ್ಪತ್ರೆಯಲ್ಲಿ ತೆಗೆದ ಫೋಟೊದಲ್ಲಿ ಕೆಂಪು ಸ್ವೆಟರೇ ಇದೆ, ತೋರಿಸಿದರೂ ನಂಬುವುದಿಲ್ಲ. ಅಮ್ಮನ ಕಥೆಗೆ ವರ್ಷದಿಂದ ವರ್ಷಕ್ಕೆ ಹೊಸದು ಸೇರುತ್ತಿದೆ: ಬಾವಿ ನೀರು ಮೊದಲೇ ಕೆಂಪಾಗಿತ್ತಂತೆ, ನಾಯಿ ಮೂರು ರಾತ್ರಿ ಊಳಿಟ್ಟಿತ್ತಂತೆ. ಆಗ ಎರಡು ವರ್ಷದವಳಾಗಿದ್ದ ನನ್ನ ಮಗಳು ‘ನನಗೆಲ್ಲ ನೆನಪಿದೆ’ ಎಂದು ಶಾಲೆಯಲ್ಲಿ ಹೇಳುತ್ತಾಳೆ. ಮುಂಚೆ ಹುತ್ತರಿ ಹಬ್ಬ ಬಂದರೆ ಮನೆ ತುಂಬ ಜನ. ಆಗಸ್ಟಿನ ನಂತರ ನಮ್ಮ ಬದುಕಲ್ಲಿ ಒಳ್ಳೆಯದು ಅನ್ನುವುದೇ ಆಗಲಿಲ್ಲ.

ನಮ್ಮಲ್ಲಿ ಯಾರು ಸುಳ್ಳು ಹೇಳುತ್ತಿದ್ದೇವೆ? ಹಿಪ್ನಾಟಿಸಂ ಮಾಡಿಸಿದರೆ ನಿಜ ಹೊರಬರುತ್ತಾ? ನಿಮ್ಮ ಉತ್ತರವನ್ನು ಅಣ್ಣನಿಗೆ ತೋರಿಸಬಹುದಾ?

— ಹೆಸರು ಬೇಡ, ಶಿಕ್ಷಕಿ, ಕುಶಾಲನಗರ

ಉತ್ತರ

ನಿಮ್ಮ ಪತ್ರದಲ್ಲೇ ಇರುವ ಒಂದು ಸಂಗತಿಯಿಂದ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂರು ದಿನದಿಂದ ಕರೆಂಟ್ ಇರಲಿಲ್ಲ ಎಂದು ಒಂದು ಕಡೆ ಬರೆದಿದ್ದೀರಿ. ಅದೇ ಸಂಜೆ ಟಿವಿಯಲ್ಲಿ ಸುದ್ದಿ ಬರುತ್ತಿತ್ತು ಎಂದು ನಾಲ್ಕು ಸಾಲು ಕೆಳಗೆ ಬರೆದಿದ್ದೀರಿ. ಮನೆಯಲ್ಲಿ ಯುಪಿಎಸ್ಸೋ ಜನರೇಟರೋ ಇದ್ದಿದ್ದರೆ ಸರಿ. ಇಲ್ಲದಿದ್ದರೆ ಎರಡರಲ್ಲಿ ಒಂದು ಆ ಸಂಜೆಯದಲ್ಲ. ವಾಜಪೇಯಿಯವರು ತೀರಿಕೊಂಡದ್ದು 2018ರ ಆಗಸ್ಟ್ 16ರ ಸಂಜೆ 5 ಗಂಟೆ ದಾಟಿದ ಮೇಲೆ, ಅಂದರೆ ದಿನ ಹೊಂದುತ್ತದೆ. ಆದರೆ ಮರುದಿನ 17ರಂದು ಅವರ ಅಂತ್ಯಯಾತ್ರೆಯನ್ನು ಎಲ್ಲ ಚಾನೆಲ್ಲುಗಳೂ ತೋರಿಸಿದವು. ನೀವು ಆ ಟಿವಿಯನ್ನು ಆಸ್ಪತ್ರೆಯ ಪಡಸಾಲೆಯಲ್ಲೋ ಪರಿಹಾರ ಕೇಂದ್ರದಲ್ಲೋ ನೋಡಿರಬಹುದು. ಆಮೇಲೆ ಯಾವಾಗಲೋ ಅದು ಹಿಂದಿನ ದಿನಕ್ಕೆ, ನಿಮ್ಮ ಮನೆಯ ಗೋಡೆಗೆ ಬಂದು ಸೇರಿಕೊಂಡಿರಬಹುದು. ಟಿವಿಯೇ ಬೇರೆ ಕಡೆಯದಾದರೆ, ಅದರ ಮುಂದೆ ಕೂತ ಅಣ್ಣನ ಬಗ್ಗೆಯೂ ಅವರ ಬಾಯಿಂದ ಬಂದ ಮಾತಿನ ಬಗ್ಗೆಯೂ ಎರಡನೇ ಸಲ ಯೋಚಿಸಬೇಕಾಗುತ್ತದೆ.

ಇದಕ್ಕೆ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂಬ ಅರ್ಥ ಬೇಡ. ನೆನಪಿನ ಅಧ್ಯಯನದಲ್ಲಿ ದೊಡ್ಡ ಹೆಸರು ಪಡೆದ ಅಮೆರಿಕದ ಉಲ್ರಿಕ್ ನೈಸರ್ ಅವರಿಗೂ ಹೀಗೇ ಆಗಿತ್ತು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಸುದ್ದಿ ಬಂದಾಗ ತಾನು ರೇಡಿಯೊದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದೆ ಎಂದು ಅವರು ದಶಕಗಳ ಕಾಲ ನಂಬಿದ್ದರು. ಡಿಸೆಂಬರಿನ ಚಳಿಯಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ ಎಂಬುದು ಅವರಿಗೆ ಹೊಳೆದದ್ದು ಬಹಳ ತಡವಾಗಿ. (ಅಂದು ನಡೆದದ್ದು ಫುಟ್‌ಬಾಲ್ ಪಂದ್ಯ. ಆಡಿದ ಎರಡೂ ತಂಡಗಳಿಗೆ ಬೇಸ್‌ಬಾಲ್ ತಂಡಗಳ ಹೆಸರೇ ಇತ್ತು ಎಂದು ಆಮೇಲೆ ಬೇರೆಯವರು ಹುಡುಕಿ ತೋರಿಸಿದರು. ನೆನಪು ಪೂರ್ತಿ ಹುಸಿಯೂ ಆಗಿರಲಿಲ್ಲ.)

ಅದೇ ನೈಸರ್ 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಬೆಳಿಗ್ಗೆ ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ’ ಎಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷ ಬಿಟ್ಟು, ಸಹೋದ್ಯೋಗಿ ನಿಕೋಲ್ ಹಾರ್ಶ್ ಜೊತೆಗೂಡಿ, ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ಎಲ್ಲ ಮುಖ್ಯ ವಿವರಗಳನ್ನೂ ಸರಿಯಾಗಿ ಹೇಳಿದವರು 3 ಮಂದಿ. 11 ಮಂದಿ ಹೇಳಿದ ಒಂದು ವಿವರವೂ ಹೊಂದಲಿಲ್ಲ. ಹಾಗಿದ್ದೂ ಬಹಳಷ್ಟು ಮಂದಿಗೆ ತಮ್ಮ ನೆನಪಿನ ಮೇಲೆ ಗಟ್ಟಿ ಭರವಸೆ ಇತ್ತು. ಅವರದೇ ಕೈಬರಹದ ಹಾಳೆ ಮುಂದಿಟ್ಟಾಗ ಬೆಪ್ಪಾದರೇ ಹೊರತು, ಹಳೆಯ ನೆನಪು ಮರಳಿ ಬರಲಿಲ್ಲ. ಹೊಸ ಚಿತ್ರ ಹಳೆಯದರ ಜಾಗದಲ್ಲಿ ಕೂತಾಗಿತ್ತು.

ಆದ್ದರಿಂದ ‘ವಿಡಿಯೊದಷ್ಟು ಸ್ಪಷ್ಟ’ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಅದರಿಂದ ಚಿತ್ರ ಸರಿ ಎಂದು ಮಾತ್ರ ತೀರ್ಮಾನಿಸುವುದಿಲ್ಲ. ಸ್ಪಷ್ಟತೆ ಬರುವುದು ಭಯದಿಂದ, ದುಃಖದಿಂದ, ಮತ್ತೆ ಮತ್ತೆ ನೆನೆದುದರಿಂದ. ಸರಿಯಾಗಿರುವುದು ಬೇರೆಯೇ ವಿಷಯ. ಅಣ್ಣನ ಚಿತ್ರವೂ ನಿಮ್ಮದರಷ್ಟೇ ಸ್ಪಷ್ಟವಾಗಿರುತ್ತದೆ, ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಭಯದ ಹೊತ್ತಿನಲ್ಲಿ ತಲೆಯೊಳಗೆ ಆಗುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಜೀವಕ್ಕೆ ಅಪಾಯ ಎಂದಾಗ ಅಮಿಗ್ಡಲಾ ಎಂಬ ಮಿದುಳಿನ ಭಾಗ ಚುರುಕಾಗುತ್ತದೆ, ಅಡ್ರಿನಲಿನ್‌ನಂಥ ರಸಗಳು ಉಕ್ಕುತ್ತವೆ, ಆ ಕ್ಷಣಕ್ಕೆ ಬೇಕಾದ ಒಂದೆರಡು ಸಂಗತಿಗಳು ಮಾತ್ರ ಆಳವಾಗಿ ಅಚ್ಚಾಗುತ್ತವೆ: ಗುಡ್ಡದ ಸದ್ದು, ಕಾಲಡಿಯ ಕೆಸರು, ಕೈಯಲ್ಲಿದ್ದ ಮಗುವಿನ ಭಾರ. ಅಂಚಿನಲ್ಲಿದ್ದದ್ದು, ಅಂದರೆ ಯಾರು ಏನು ತೊಟ್ಟಿದ್ದರು, ಎಷ್ಟು ಗಂಟೆ, ಯಾರು ಮೊದಲು ಮಾತಾಡಿದರು ಎಂಬುದು ಅಸ್ಪಷ್ಟವಾಗಿಯೇ ಉಳಿಯುತ್ತದೆ. ಹಿಪೊಕ್ಯಾಂಪಸ್ ಎಂಬ ಇನ್ನೊಂದು ಭಾಗ ಘಟನೆಗಳನ್ನು ಊರು, ಹೊತ್ತು, ಅನುಕ್ರಮಕ್ಕೆ ಜೋಡಿಸಬೇಕು; ವಿಪರೀತ ಒತ್ತಡದಲ್ಲಿ ಆ ಜೋಡಣೆ ಸಡಿಲವಾಗುತ್ತದೆ. ಉಳಿದ ಖಾಲಿ ಜಾಗಗಳನ್ನು ಮನಸ್ಸು ಆಮೇಲೆ ಸಿಕ್ಕಿದ್ದರಿಂದ ತುಂಬುತ್ತದೆ. ಮೋಸ ಮಾಡುವ ಉದ್ದೇಶ ಅದಕ್ಕಿಲ್ಲ, ಖಾಲಿ ಬಿಟ್ಟುಕೊಂಡು ಕಥೆ ಹೇಳಲು ಅದಕ್ಕೆ ಬರುವುದಿಲ್ಲ, ಅಷ್ಟೆ.

ಕೆಂಪು ಸ್ವೆಟರನ್ನು ನಾನು ಇಲ್ಲಿಗೇ ಸೇರಿಸುತ್ತೇನೆ. ಫೋಟೊ ನಿಮ್ಮ ಪರ ಸಾಕ್ಷಿ ಎಂದು ನೀವು ಭಾವಿಸಿದ್ದೀರಿ. ನನಗೆ ಅದು ವಿರುದ್ಧ ದಿಕ್ಕಿನಲ್ಲಿ ಕಾಣುತ್ತದೆ. ಸುರಿಯುವ ಮಳೆಯಲ್ಲಿ ತೋಡಿಗೆ ಬಿದ್ದು, ಕೆಸರಿನಲ್ಲಿ ಎತ್ತಿ ತಂದವರು ಮರುದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಅದೇ ಸ್ವೆಟರಿನಲ್ಲಿ ಇರುತ್ತಾರೆಯೇ? ಆ ದಿನಗಳಲ್ಲಿ ಹೊರ ಜಿಲ್ಲೆಗಳಿಂದ ಲಾರಿಗಟ್ಟಲೆ ಬಟ್ಟೆ ಬಂದಿತ್ತು, ಸ್ವಯಂಸೇವಕರು ಕಂಡಕಂಡವರಿಗೆ ಹಂಚುತ್ತಿದ್ದರು. ಫೋಟೊವನ್ನು ಹಿಗ್ಗಿಸಿ ನೋಡಿ. ಸ್ವೆಟರು ಒಣಗಿದ್ದರೆ, ಚೊಕ್ಕವಾಗಿದ್ದರೆ, ಅಳತೆ ಹೊಂದದಿದ್ದರೆ, ಅದು ಯಾರೋ ಕೊಟ್ಟದ್ದು. ಆ ಒಂದೇ ಫೋಟೊವನ್ನು ಇಷ್ಟು ವರ್ಷ ನೋಡಿ ನೋಡಿ, ಅದರ ಕೆಂಪು ಆ ರಾತ್ರಿಯ ಅಪ್ಪನ ಮೈಮೇಲೆ ಬಂದಿದೆ ಎಂಬುದು ನನ್ನ ಊಹೆ. ವಿವರ ನಿಜ, ಅದರ ಮೂಲ ತಪ್ಪು. ನೆನಪಿನ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ.

ನಿಮ್ಮನ್ನು ನೀವೇ ದೂರದಿಂದ ನೋಡುವುದೂ ಹೊಸದಲ್ಲ. ಆಘಾತ ಕಂಡ ಅನೇಕರು ಹೀಗೆ ಹೇಳುತ್ತಾರೆ. ಹೊರಗಿನಿಂದ ನೋಡಿದರೆ ನೋವಿನ ತೀವ್ರತೆ ಸ್ವಲ್ಪ ಇಳಿಯುತ್ತದೆ. ಆದರೆ ಆ ರಾತ್ರಿ ನೀವು ಹೊರಗೆ ನಿಂತು ನೋಡಿದ್ದಿಲ್ಲವಲ್ಲ, ಹಾಗಾಗಿ ಆ ಚಿತ್ರ ಆಮೇಲೆ ಕಟ್ಟಿದ್ದು ಎನ್ನುವುದಕ್ಕೆ ಅದೇ ಗುರುತು.

ಪ್ರತಿ ಸಲ ನೆನೆದಾಗ ನೆನಪು ತುಸು ಸಡಿಲಗೊಂಡು, ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಸೇರಿಸಿಕೊಂಡು ಮತ್ತೆ ಗಟ್ಟಿಯಾಗಬಲ್ಲದು. ಕರೀಂ ನಾದರ್ ಮತ್ತು ಜೋಸೆಫ್ ಲೆಡೂ ತಂಡ 2000ನೇ ಇಸವಿಯಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ಮಿದುಳಿನ ಮಟ್ಟದಲ್ಲಿ ತೋರಿಸಿತು: ಗಟ್ಟಿಯಾದ ಭಯದ ನೆನಪನ್ನೂ ಅದನ್ನು ಕೆದಕಿದ ಹೊತ್ತಿನಲ್ಲಿ ಕೆಡಿಸಬಹುದಿತ್ತು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಇಳಿಸಿ, ಒಡೆದದ್ದನ್ನು ತೆಗೆದು, ಹೊಸದು ಸೇರಿಸಿ ಮತ್ತೆ ಹೊದಿಸುತ್ತೇವಲ್ಲ, ಹಾಗೆ. ಹತ್ತು ಮಳೆಗಾಲ ಕಳೆದ ಮೇಲೆ ಯಾವ ಹೆಂಚು ಅಜ್ಜನ ಕಾಲದ್ದು ಎಂದು ಮನೆಯವರಿಗೂ ಗೊತ್ತಿರುವುದಿಲ್ಲ.

ಈಗ ಆ ಮಾತಿನ ವಿಷಯ. ನಿಮ್ಮ ಪ್ರಶ್ನೆಯ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ರಷ್ಯಾಕ್ಕೂ ಹೊರಟಾಗ, ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳನ್ನು ‘ಅಲ್ಲಿ ಏನೇನು ಆಗಬಹುದು, ಪ್ರತಿಯೊಂದಕ್ಕೂ ಎಷ್ಟು ಸಾಧ್ಯತೆ’ ಎಂದು ಮೊದಲೇ ಕೇಳಿ ಬರೆಸಿದರು. ಪ್ರವಾಸ ಮುಗಿದ ಮೇಲೆ ‘ನೀವು ಆಗ ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ’ ಎಂದರು. ನಡೆದುಹೋದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚು ಸಾಧ್ಯತೆ ಕೊಟ್ಟಿದ್ದೆವು ಎಂದೇ ಹೆಚ್ಚಿನವರು ನೆನೆದರು. ಆದದ್ದು ಗೊತ್ತಾದ ಮೇಲೆ, ಗೊತ್ತಿಲ್ಲದೆ ಇದ್ದ ಸ್ಥಿತಿಗೆ ಮನಸ್ಸು ವಾಪಸ್ ಹೋಗಲಾರದು. ನಮ್ಮ ಜಿಲ್ಲೆಯಲ್ಲಿ ಈಗ ‘ಅಂದೇ ಗೊತ್ತಿತ್ತು’ ಎನ್ನದವರು ಕಡಿಮೆ. ಗೊತ್ತಿದ್ದವರು ಅಷ್ಟು ಮಂದಿ ಇದ್ದಿದ್ದರೆ ಆ ರಾತ್ರಿ ಅಷ್ಟು ಮನೆಗಳಲ್ಲಿ ದೀಪ ಹಚ್ಚಿಕೊಂಡು ಜನ ಕೂತಿರುತ್ತಿರಲಿಲ್ಲ.

ಆ ಗುರುವಾರ ಸಂಜೆಗೆ ಹೋಗಿ ಯೋಚಿಸಿ. ಕಕ್ಕಡ ತಿಂಗಳ ಮಳೆಯನ್ನು ಹುಟ್ಟಿದಾಗಿನಿಂದ ಕಂಡವರು ನೀವು. ರಸ್ತೆ ಬಿರುಕು ಬಿಡುವುದು, ಬರೆ ಜರಿಯುವುದು, ಮರ ಬಿದ್ದು ಕರೆಂಟ್ ಹೋಗುವುದು ನಿಮಗೆ ಪ್ರತಿ ವರ್ಷದ ಸುದ್ದಿ. ಎರಡು ವರ್ಷದ ಮಗು, ವಯಸ್ಸಾದ ಅಪ್ಪ ಅಮ್ಮ, ಕೊಟ್ಟಿಗೆಯಲ್ಲಿ ದನ ಇದ್ದಿದ್ದರೆ ಅದರ ಚಿಂತೆ. ಕತ್ತಲಾಗುವ ಹೊತ್ತಿನಲ್ಲಿ, ಬಿರುಕು ಬಿಟ್ಟಿದೆ ಎಂದು ಹೇಳಿದ ಅದೇ ರಸ್ತೆಯ ಮೇಲೆ ಹೊರಡುವುದು ಕೂಡ ಅಪಾಯವೇ ಆಗಿತ್ತು. ‘ಬೆಳಿಗ್ಗೆ ನೋಡಿಕೊಂಡು ಹೋಗೋಣ’ ಎಂಬುದು ಅಂದು ವಿವೇಕದ ಮಾತು. ಅದು ಅಪರಾಧವಾಗಿ ಬದಲಾದದ್ದು ಗುಡ್ಡ ಇಳಿದ ಮೇಲೆ.

ಯಾರು ಹೇಳಿದ್ದು ಎಂಬುದಕ್ಕೆ ನನ್ನ ಅನುಮಾನ ಹೀಗಿದೆ: ಆ ಮನೆಯಲ್ಲಿ ಅಂಥ ಮಾತನ್ನು ಒಬ್ಬರಲ್ಲ, ನಾಲ್ವರೂ ಆಡಿದ್ದೀರಿ. ಒಬ್ಬರು ‘ಈ ಮಳೆಯಲ್ಲಾ?’ ಎಂದಿರುತ್ತೀರಿ, ಒಬ್ಬರು ‘ಮಗುವಿಗೆ ಶೀತ ಆಗುತ್ತೆ’ ಎಂದಿರುತ್ತೀರಿ, ಒಬ್ಬರು ಸುಮ್ಮನೆ ತಲೆಯಾಡಿಸಿರುತ್ತೀರಿ. ಮನೆಯ ಮಾತು ನಡೆಯುವುದೇ ಹಾಗೆ. ಇಷ್ಟು ವರ್ಷಗಳಲ್ಲಿ ಆ ಗೊಜಗೊಜ ಸೋಸಿಹೋಗಿ ಒಂದು ವಾಕ್ಯ, ಒಂದು ಬಾಯಿ ಉಳಿದಿದೆ. ಯಾವ ಬಾಯಿ ಎಂಬುದನ್ನು ಮಾತ್ರ ಮೂವರೂ ಬೇರೆ ಬೇರೆ ಆರಿಸಿಕೊಂಡಿದ್ದೀರಿ. ಅಪ್ಪ ಯಾಕೆ ಹೋದರು ಎಂಬುದಕ್ಕೆ ಅಣ್ಣನಿಗೆ ಒಂದು ಕಾರಣ ಬೇಕು. ಕಾರಣವಿಲ್ಲದ ಸಾವಿಗಿಂತ ತಪ್ಪಿತಸ್ಥರಿರುವ ಸಾವನ್ನು ಸಹಿಸುವುದು ಕೆಲವರಿಗೆ ಸುಲಭ. ನೀವು ಅಣ್ಣನ ಹೆಸರು ಹೇಳುವುದು ಆರೋಪಕ್ಕೆ ಉತ್ತರವಾಗಿ ಬೆಳೆದ ನೆನಪಿರಬಹುದು. ಅವರು ನಿಮ್ಮನ್ನು ದೂರುವುದಕ್ಕೆ ಮೊದಲು ನಿಮಗೆ ಆ ಟಿವಿ ದೃಶ್ಯ ಇತ್ತೇ, ಯೋಚಿಸಿ ನೋಡಿ. ಅಮ್ಮನ ಆಯ್ಕೆ ಎಲ್ಲಕ್ಕಿಂತ ಜಾಣತನದ್ದು ಅನ್ನಿಸುತ್ತದೆ ನನಗೆ. ತೀರಿಕೊಂಡವರ ಮೇಲೆ ಹಾಕಿದರೆ ಬದುಕಿರುವ ಇಬ್ಬರು ಮಕ್ಕಳೂ ಪಾರಾಗುತ್ತಾರೆ. ಅವರು ಬೇಕೆಂದು ಹಾಗೆ ಮಾಡುತ್ತಿದ್ದಾರೆ ಎಂದಲ್ಲ. ನೆನಪಿಗೆ ತನ್ನದೇ ಒಲವುಗಳಿರುತ್ತವೆ, ತಾಯಂದಿರ ನೆನಪಿಗೆ ಹೆಚ್ಚು.

ಅಮ್ಮನ ಕಥೆ ಬೆಳೆಯುತ್ತಿದೆ ಎಂದಿರಿ. ಕೊಲ್ಲಿ ಯುದ್ಧದಿಂದ ಮರಳಿದ 59 ಅಮೆರಿಕನ್ ಸೈನಿಕರನ್ನು, ಬಂದ ಒಂದು ತಿಂಗಳಿಗೆ ಮತ್ತು ಎರಡು ವರ್ಷಕ್ಕೆ, ‘ಇದನ್ನು ಕಂಡಿರಾ, ಇದು ನಿಮಗೆ ಆಯಿತಾ’ ಎಂದು ಒಂದೇ ಪಟ್ಟಿ ಹಿಡಿದು ಕೇಳಲಾಯಿತು. 1997ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶೇ 88 ಮಂದಿ ಕನಿಷ್ಠ ಒಂದು ಉತ್ತರ ಬದಲಿಸಿದ್ದರು. ಅನೇಕರು ಮೊದಲು ಹೇಳದಿದ್ದದ್ದನ್ನು ಆಮೇಲೆ ಸೇರಿಸಿದ್ದರು. ಹೆಚ್ಚು ಸೇರಿಸಿದವರಲ್ಲೇ ಕೆಟ್ಟ ಕನಸು, ಬೆಚ್ಚಿಬೀಳುವಿಕೆಯಂಥ ಲಕ್ಷಣಗಳೂ ಹೆಚ್ಚಿದ್ದವು. ಅಂದರೆ ಕಥೆ ಉದ್ದವಾಗುತ್ತಿದ್ದರೆ ಕೇಳಬೇಕಾದ ಪ್ರಶ್ನೆ ‘ಇದು ನಿಜವಾ’ ಎಂಬುದಕ್ಕಿಂತ ಮೊದಲು ‘ಅಮ್ಮ, ರಾತ್ರಿ ನಿದ್ದೆ ಬರುತ್ತಾ’ ಎಂಬುದು.

ಬಾವಿ ನೀರಿನ ವಿಷಯದಲ್ಲಿ ಮಾತ್ರ ಅಮ್ಮನನ್ನು ಬೇಗ ತಳ್ಳಿಹಾಕಬೇಡಿ. ಒರತೆಯ, ಬಾವಿಯ ನೀರು ಇದ್ದಕ್ಕಿದ್ದ ಹಾಗೆ ಕೆಸರಾಗುವುದು, ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಕಂಬಗಳು ಭೂಕುಸಿತಕ್ಕೆ ಮುಂಚಿನ ನಿಜವಾದ ಗುರುತುಗಳು. ಅವರು ಕಂಡಿರಬಹುದು, ಕಂಡಾಗ ಅದಕ್ಕೆ ಅರ್ಥ ಇರಲಿಲ್ಲ, ಈಗ ಬಂದಿದೆ. ಆ ಜುಲೈನಲ್ಲಿ ಜಿಲ್ಲೆಯಲ್ಲಿ ಲಘುವಾಗಿ ಭೂಮಿ ಕಂಪಿಸಿದ್ದೂ ಹೌದು, ಅದನ್ನೂ ಜನ ಕಥೆಯೊಳಗೆ ಸೇರಿಸಿಕೊಂಡಿದ್ದಾರೆ. ನಾಯಿಯ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ಮಳೆಗಾಲದಲ್ಲಿ ಊಳಿಡದ ನಾಯಿ ಯಾವುದು?

ಇನ್ನೊಂದು ಮೂಲವನ್ನು ನಾವು ಮರೆಯುತ್ತೇವೆ. ಆಮೇಲೂ ಗುಡ್ಡಗಳು ಜರಿದವು: 2019ರ ಆಗಸ್ಟಿನಲ್ಲಿ ತೋರ ಗ್ರಾಮ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಪ್ರತಿ ಸಲವೂ ಗಂಟೆಗಟ್ಟಲೆ ದೃಶ್ಯಗಳು ಟಿವಿಯಲ್ಲಿ, ಮೊಬೈಲಿನಲ್ಲಿ. 2018ರ ರಾತ್ರಿ ಕತ್ತಲಲ್ಲಿ ನೀವು ಕಣ್ಣಾರೆ ಕಂಡದ್ದು ಟಾರ್ಚಿನ ಬೆಳಕು ಬಿದ್ದಷ್ಟೇ. ಕೆಂಪು ಮಣ್ಣು ನದಿಯಂತೆ ಇಳಿಯುವ, ಮೇಲಿನಿಂದ ತೆಗೆದ ಚಿತ್ರ ಯಾರ ನೆನಪಿನಲ್ಲಾದರೂ ಇದ್ದರೆ ಅದು ಡ್ರೋನ್‌ನದು. ವಯನಾಡಿನ ವಾರದಲ್ಲಿ ನಿದ್ದೆಗೆಟ್ಟು ಬಂದ ಮಡಿಕೇರಿ ಕಡೆಯವರನ್ನು ನಾನು ನೋಡಿದ್ದೇನೆ. ಅವರ ಮಾತಿನಲ್ಲಿ ಎರಡು ಊರುಗಳ ಮಣ್ಣು ಬೆರೆತುಹೋಗಿತ್ತು.

ಕಥೆ ಗಟ್ಟಿಯಾಗುವುದರಲ್ಲಿ ಕೇಳುವವರ ಪಾಲೂ ಇದೆ. ಪರಿಹಾರಕ್ಕಾಗಿ ನೀವು ಎಷ್ಟು ಸಲ ಇದನ್ನು ಹೇಳಿರುತ್ತೀರಿ? ಗ್ರಾಮ ಲೆಕ್ಕಿಗರಿಗೆ, ತಾಲ್ಲೂಕು ಕಚೇರಿಯಲ್ಲಿ, ಮೈಕು ಹಿಡಿದು ಬಂದ ಹುಡುಗರಿಗೆ, ನೋಡಲು ಬಂದ ನೆಂಟರಿಗೆ. ಕಚೇರಿಗೆ ಬೇಕಾದದ್ದು ಸರ್ವೆ ನಂಬರು, ಹೋದ ವಸ್ತುಗಳ ಪಟ್ಟಿ. ಚಾನೆಲ್ಲಿಗೆ ಬೇಕಾದದ್ದು ಕಣ್ಣೀರು ಅಥವಾ ಕೆಚ್ಚು. ನೆಂಟರಿಗೆ ಬೇಕಾದದ್ದು ಯಾರ ತಪ್ಪು ಎಂಬುದು. ಕೇಳಿದವರ ಅಳತೆಗೆ ತಕ್ಕಂತೆ ಹೇಳಿ ಹೇಳಿ, ಕೊನೆಗೆ ಹೇಳಿದ್ದೇ ನೆನಪಾಗುತ್ತದೆ. ಪ್ರಶ್ನೆಯ ಒಂದೇ ಪದ ಸಾಕು: ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಒಂದೇ ಫಿಲ್ಮ್ ತುಣುಕು ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತು ಎಂದೂ, ಕೆಲವರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದೂ ಕೇಳಿದರು. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರು ವೇಗವನ್ನು ಹೆಚ್ಚು ಹೇಳಿದರು. ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನೂ ಒಂದು ವಾರದ ಮೇಲೆ ಹೆಚ್ಚು ಮಂದಿ ‘ಕಂಡಿದ್ದೆವು’ ಎಂದರು. ‘ಯಾರು ತಡೆದದ್ದು?’ ಎಂದು ಯಾರಾದರೂ ಕೇಳಿದ ದಿನವೇ ನಿಮ್ಮ ಮನೆಯಲ್ಲಿ ಒಬ್ಬ ತಡೆದವರು ಹುಟ್ಟಿರಬಹುದು.

ಇಷ್ಟೆಲ್ಲ ಓದಿ ‘ಹಾಗಾದರೆ ನಮಗೆ ಆದದ್ದೇ ಸುಳ್ಳಾ’ ಎಂದು ಕೇಳಬೇಡಿ. ಗುಡ್ಡ ಜರಿದದ್ದು, ಓಡಿದ್ದು, ಅಪ್ಪ ಬಿದ್ದದ್ದು, ಅವರನ್ನು ಕಳೆದುಕೊಂಡದ್ದು ಎಲ್ಲೂ ಅಲುಗಾಡುವುದಿಲ್ಲ. ಮೂವರ ಕಥೆಯಲ್ಲೂ ಅವು ಒಂದೇ. ಆಘಾತದ ತಿರುಳನ್ನು ಜನ ಸಾಮಾನ್ಯವಾಗಿ ಮರೆಯುವುದಿಲ್ಲ, ಮರೆಯಲು ಆಗುತ್ತಿಲ್ಲ ಎಂಬುದೇ ಅವರ ಗೋಳು. ಅಂಚಿನ ವಿವರ ಹೊಂದಲಿಲ್ಲ ಎಂದು ಸಂತ್ರಸ್ತರ ಮಾತನ್ನೇ ಸುಳ್ಳೆನ್ನುವ ಅಧಿಕಾರಿಗಳ, ವಕೀಲರ ರೂಢಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಅಂಚು ಹೊಂದದಿರುವುದು ಸಹಜ. ಪದಕ್ಕೆ ಪದ ಹೊಂದಿದರೆ ಕೂತು ಕಲಿತದ್ದೇನೋ ಎಂದು ನಾನು ಅನುಮಾನಿಸುತ್ತೇನೆ.

ಹಿಪ್ನಾಟಿಸಂ ಬೇಡವೇ ಬೇಡ. ಸಮ್ಮೋಹನದಲ್ಲಿ ಜನ ಹೆಚ್ಚು ಹೇಳುತ್ತಾರೆ, ಹೆಚ್ಚು ಖಚಿತವಾಗಿ ಹೇಳುತ್ತಾರೆ, ಹೆಚ್ಚು ಸರಿಯಾಗಿ ಹೇಳುವುದಿಲ್ಲ. 1990ರ ಸುಮಾರಿಗೆ ಅಮೆರಿಕದಲ್ಲಿ ಕೆಲವು ಚಿಕಿತ್ಸಕರು ‘ಅದುಮಿಟ್ಟ ನೆನಪು ಹೊರತೆಗೆಯುತ್ತೇವೆ’ ಎಂದು ಹೊರಟು, ನಡೆಯದೇ ಇದ್ದದ್ದನ್ನು ಜನರ ತಲೆಯಲ್ಲಿ ಬಿತ್ತಿ, ಎಷ್ಟೋ ಕುಟುಂಬಗಳು ಕೋರ್ಟು ಹತ್ತಿದವು. ಅಂಜನ ಹಾಕಿ ನೋಡುವವರ ಬಳಿಗೂ ಇದೇ ಪ್ರಶ್ನೆ ಹಿಡಿದು ಹೋಗಬೇಡಿ. ಅಲ್ಲಿ ಸಿಗುವ ಹೆಸರು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಮಗಳದು ಸುಲಭ. ದೊಡ್ಡವರ ಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಸುಪಾಸಿನದು. ಎರಡರ ಮಗು ಕಂಡದ್ದನ್ನು ಕೆಲವು ತಿಂಗಳು ಹೇಳೀತು, ಆಮೇಲೆ ಅದು ಕರಗುತ್ತದೆ. ಅವಳಲ್ಲಿರುವುದು ನೀವೆಲ್ಲ ಹೇಳಿದ್ದನ್ನು ಕೇಳಿ ಅವಳು ಕಟ್ಟಿಕೊಂಡ ಚಿತ್ರ. ‘ಸುಳ್ಳು ಹೇಳಬೇಡ’ ಎನ್ನಬೇಡಿ, ಹೊಸ ವಿವರ ಕೊಟ್ಟು ಬೆಳೆಸಲೂ ಬೇಡಿ. ‘ನೀನು ಆಗ ಪುಟ್ಟವಳು, ನಾವು ಹೇಳಿದ್ದು ಕೇಳಿದ್ದೀಯ’ ಎಂದರೆ ಸಾಕು. ಜೋರು ಮಳೆಗೆ ಅವಳು ನಡುಗುತ್ತಾಳೆ ಎಂದಾದರೆ ಅದನ್ನು ಬೇರೆಯಾಗಿ, ಗಂಭೀರವಾಗಿ ನೋಡಬೇಕು. ಚಿತ್ರ ಉಳಿಯದಿದ್ದರೂ ಭಯ ಉಳಿಯಬಲ್ಲದು.

‘ಒಳ್ಳೆಯದು ಅನ್ನುವುದೇ ಆಗಲಿಲ್ಲ’ ಎಂಬ ನಿಮ್ಮ ಸಾಲಿಗೆ ಬರುತ್ತೇನೆ. ಬದುಕನ್ನು ಕಥೆಯಾಗಿ ಹೇಗೆ ಕಟ್ಟಿಕೊಳ್ಳುತ್ತೇವೆ ಎಂಬುದನ್ನು ಅಮೆರಿಕದ ಡಾನ್ ಮೆಕ್ಆಡಮ್ಸ್ ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಕೆಲವರ ಕಥೆ ಕೆಟ್ಟದ್ದರಿಂದ ಒಳ್ಳೆಯದಕ್ಕೆ ಏರುತ್ತದೆ. ಕೆಲವರದು ಒಂದು ಘಟ್ಟದಲ್ಲಿ ಕೆಟ್ಟು, ಮುಂದಿನದೆಲ್ಲ ಅದರ ಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಬಗೆಯಲ್ಲಿ ಕಥೆ ಹೇಳುವವರಲ್ಲಿ ಖಿನ್ನತೆ ಹೆಚ್ಚು ಕಾಣುತ್ತದೆ. ನೀವು ‘ಶಿಕ್ಷಕಿ’ ಎಂದು ಸಹಿ ಮಾಡಿದ್ದೀರಿ. ಆ ಕೆಲಸ ಸಿಕ್ಕಿದ್ದು ಯಾವ ವರ್ಷ? ಆಗಸ್ಟಿನ ನಂತರ ಎಂದಾದರೆ ಅದು ನಿಮ್ಮ ಕಥೆಯೊಳಗೆ ಯಾಕೆ ಬರಲಿಲ್ಲ? ಹಾಗೆಯೇ ಹಿಂದಿನ ಹುತ್ತರಿ. ‘ಆಗ ಹುತ್ತರಿ ಅಂದರೆ’ ಎಂದು ಒಟ್ಟಾರೆಯಾಗಿ ನೆನೆಯುವ ಬದಲು ಒಂದೇ ಒಂದು ವರ್ಷದ ಹುತ್ತರಿಯನ್ನು ಹಿಡಿಯಿರಿ: ಯಾರು ಕದಿರು ಕೊಯ್ದರು, ಯಾರು ಬರಲಿಲ್ಲ, ಆ ರಾತ್ರಿ ಯಾವ ಸಾಲದ ಮಾತು ಬಂತು. ಖಿನ್ನತೆಯಲ್ಲಿರುವವರಿಗೆ ನಿರ್ದಿಷ್ಟ ದಿನ ಹಿಡಿಯುವುದು ಕಷ್ಟವಾಗುತ್ತದೆ, ಎಲ್ಲವೂ ‘ಆಗ’ ಮತ್ತು ‘ಈಗ’ ಎಂಬ ಎರಡು ಗುಡ್ಡೆಗಳಾಗಿ ಬೀಳುತ್ತವೆ ಎಂಬುದು 1986ರಿಂದ ಮತ್ತೆ ಮತ್ತೆ ಕಂಡ ಸಂಗತಿ. ಒಂದು ದಿನವನ್ನು ಹಿಡಿದಿರಾದರೆ ಚಿನ್ನದ ಕಾಲಕ್ಕೂ ಅಲ್ಲಲ್ಲಿ ಕಿಲುಬು ಕಂಡೀತು. ಆಗ ಈಗಿನ ಕಾಲ ಅಷ್ಟು ಕೆಟ್ಟದಾಗಿ ಕಾಣಲಿಕ್ಕಿಲ್ಲ.

ಮಾಡಬೇಕಾದದ್ದು ಹೇಳುತ್ತೇನೆ. ಮೂವರೂ ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ತೋರಿಸದೆ, ಆ ಗುರುವಾರ ಮಧ್ಯಾಹ್ನದಿಂದ ಶುಕ್ರವಾರದವರೆಗಿನದನ್ನು ಬರೆಯಿರಿ. ಅಮ್ಮ ಬರೆಯದಿದ್ದರೆ ಅವರು ಹೇಳಿದಂತೆ ನೀವಲ್ಲದ ಯಾರಾದರೂ ಬರೆದುಕೊಳ್ಳಲಿ. ಪ್ರತಿ ಸಾಲಿನ ಪಕ್ಕದಲ್ಲಿ ‘ಕಂಡದ್ದು’, ‘ಆಮೇಲೆ ಕೇಳಿದ್ದು’, ‘ಅಂದಾಜು’ ಎಂದು ಗುರುತು ಹಾಕಿ. ಬೇರೆ ಬೇರೆ ಕೂರಬೇಕು ಎಂದು ಯಾಕೆ ಹೇಳುತ್ತೇನೆಂದರೆ, 2003ರ ಒಂದು ಪ್ರಯೋಗದಲ್ಲಿ ಇಬ್ಬಿಬ್ಬರು ಸಾಕ್ಷಿಗಳಿಗೆ ಒಂದೇ ಘಟನೆಯನ್ನು ಬೇರೆ ಬೇರೆ ಕೋನದಿಂದ ತೋರಿಸಿ, ಪರಸ್ಪರ ಮಾತಾಡಲು ಬಿಟ್ಟಾಗ, ಶೇ 71 ಮಂದಿ ತಾವು ಕಾಣದ್ದನ್ನು ಕಂಡೆವೆಂದು ಹೇಳಿದರು. ಬರೆದಾದ ಮೇಲೆ ಕಾಗದಗಳನ್ನು ಹುಡುಕಿ: ಮಹಜರಿನ ಪ್ರತಿ, ಪರಿಹಾರ ಕೇಂದ್ರದ ಚೀಟಿ, ಆಸ್ಪತ್ರೆಯ ದಾಖಲಾತಿ ಹಾಳೆ, ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ದಿನದ ಸಂದೇಶಗಳ ಗಂಟೆ ನಿಮಿಷ. ಎಚ್ಚರಿಸಲು ಬಂದ ಪಕ್ಕದ ಮನೆಯವರನ್ನು ‘ಆ ಸಂಜೆ ನಮ್ಮ ಮನೆಯಲ್ಲಿ ಏನು ಮಾತಾಯಿತು?’ ಎಂದಷ್ಟೇ ಕೇಳಿ. ಹೆಸರು ಬಾಯಿಗೆ ಕೊಡಬೇಡಿ. ಇಷ್ಟಾದರೂ ಆ ವಾಕ್ಯ ಯಾರದೆಂದು ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು. ಸಿಗುವುದು ಇನ್ನೊಂದು: ಕಂಡದ್ದು ಎಷ್ಟು ಕಡಿಮೆ, ತುಂಬಿಸಿದ್ದು ಎಷ್ಟು ಹೆಚ್ಚು ಎಂಬ ಅಂದಾಜು. ಜಗಳದ ಕಾವು ಇಳಿಯಲು ಅದು ಸಹಾಯ ಮಾಡುತ್ತದೆ.

ಅಣ್ಣನ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಆಗಸ್ಟ್ ಬಂದರೆ ಅವರು ಮೌನವಾಗುವುದು, ಆ ಕಡೆಯ ರಸ್ತೆಯನ್ನೇ ತಪ್ಪಿಸುವುದು, ಕುಡಿತ ಹೆಚ್ಚುವುದು, ಸದ್ದಿಗೆ ಬೆಚ್ಚುವುದು ಇದ್ದರೆ ಅದು ಜಗಳಗಂಟತನವಲ್ಲ. ಪಿಟಿಎಸ್‌ಡಿ ಎಂದು ಕರೆಯುವ ಆಘಾತದ ನಂತರದ ಕಾಯಿಲೆ ಇರಬಹುದು, ಚಿಕಿತ್ಸೆ ಇದೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಲ್ಲಿ ಒಂದರಲ್ಲಿ ನೆಲದ ಮೇಲೆ ಒಂದು ಹಗ್ಗ ಹಾಸಿ, ಹುಟ್ಟಿನಿಂದ ಇಂದಿನವರೆಗೆ ಒಳ್ಳೆಯ ಗಳಿಗೆಗೆ ಹೂವು, ಕೆಟ್ಟ ಗಳಿಗೆಗೆ ಕಲ್ಲು ಇಡಿಸುತ್ತಾರೆ. ಆಮೇಲೆ ಒಂದೊಂದೇ ಕಲ್ಲಿನ ಬಳಿ ಕೂತು, ಆ ದಿನವನ್ನು ಅನುಕ್ರಮವಾಗಿ, ಊರು ಹೊತ್ತು ಸಮೇತ ಹೇಳಿಸಿ ಬರೆದುಕೊಳ್ಳುತ್ತಾರೆ. ಯುದ್ಧದಿಂದ ಓಡಿಬಂದ ನಿರಾಶ್ರಿತರಿಗಾಗಿ ಹುಟ್ಟಿದ ವಿಧಾನ ಇದು. ಚದುರಿದ ಚೂರುಗಳು ‘ಅಂದು ಆದದ್ದು, ಮುಗಿದದ್ದು’ ಎಂಬ ಜಾಗಕ್ಕೆ ಬಂದು ಕೂರುವುದೇ ಅದರ ಗುರಿ. ಇದನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ, ತರಬೇತಿ ಇದ್ದವರು ಜೊತೆಗಿರಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ, ಬೇಕಾದರೆ ಅವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಅಷ್ಟು ದೂರ ಈಗಲೇ ಬೇಡ ಎಂದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಅಣ್ಣ ಮಾಡದಿದ್ದರೆ ಮೊದಲು ನೀವು ಮಾಡಿ, ನಿಮ್ಮ ಸಲುವಾಗಿಯೇ.

ಈ ಉತ್ತರವನ್ನು ಅಣ್ಣನಿಗೆ ಧಾರಾಳವಾಗಿ ತೋರಿಸಿ, ಟಿವಿಯ ಪ್ಯಾರಾವನ್ನೂ ಸೇರಿಸಿ. ಆದರೆ ಅವರು ತಮ್ಮ ಹಾಳೆ ಬರೆದು ಮುಗಿಸಿದ ಮೇಲೆ. ಮೊದಲೇ ಓದಿದರೆ ನನ್ನ ಊಹೆಗಳೂ ಆ ಗುರುವಾರ ಸಂಜೆಯೊಳಗೆ ಹೋಗಿ ಕೂರುತ್ತವೆ.